ಆಗ್ನೇಯ ಏಷ್ಯಾದ ಆರೋಗ್ಯ ಮಾರುಕಟ್ಟೆ ಮತ್ತು ಒಂದು ಕಣ್ಣಿನ ಕ್ಯಾಮೆರಾ

ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ, ಈಗಷ್ಟೇ ಯೂನಿವರ್ಸಿಟಿ ಸೇರಿರುವ ನಮ್ಮ ಹುಡುಗನೊಬ್ಬ ಕೇಳಿದ: "ಆಂಟಿ, ನಾನೂ ನನ್ನ ಇಬ್ಬರು ಫ್ರೆಂಡ್ಸೂ ಸೇರಿ ಇಂಡೋನೇಷ್ಯಾದಲ್ಲಿ ಶುಗರ್ ಪೇಷೆಂಟ್‌ಗಳಿಗೆ ಒಂದು ಆಪ್ ಮಾಡೋಣ ಅಂತಿದ್ದೀವಿ. ಫೋಟೋ ತೆಗೆದರೆ ಎಐ ಎಲ್ಲಾ ಹೇಳಿಬಿಡುತ್ತೆ. ಅಪ್ಪ ಬೇಡ ಅಂತಾರೆ. ನೀವೇನಂತೀರಿ?"

ಕನ್ನಡ ಎಂ.ಎ. ಮಾಡಿ ಮನೆ ನೋಡಿಕೊಂಡಿರುವವಳನ್ನು ಇದೇಕೆ ಕೇಳಿದ ಅಂತ ನಗು ಬಂತು. ಆಮೇಲೆ ಹೊಳೆಯಿತು. ಇಲ್ಲಿ ಸಿಂಗಪುರದಲ್ಲಿ ಹಿರಿಯರ ಆರೋಗ್ಯ ತಪಾಸಣೆ ಶಿಬಿರಗಳಲ್ಲಿ ನಾನು ಸ್ವಯಂಸೇವಕಿಯಾಗಿ ನಿಲ್ಲುವುದನ್ನು ಅವನು ನೋಡಿದ್ದಾನೆ. ನನ್ನ ಕೆಲಸ ದೊಡ್ಡದೇನಲ್ಲ. ಊರಿಂದ ಬಂದ ಅಜ್ಜಿಯರಿಗೆ "ಗಲ್ಲ ಇಲ್ಲಿಡಿ, ಹಸಿರು ದೀಪ ನೋಡ್ತಾ ಇರಿ, ಕಣ್ಣು ಮಿಟುಕಿಸಬೇಡಿ" ಅಂತ ಕನ್ನಡದಲ್ಲಿ ಹೇಳುವುದು. ಅಷ್ಟು ಹೇಳುವವರು ಇಲ್ಲದಿದ್ದರೆ ಎಷ್ಟೇ ಬೆಲೆಯ ಕ್ಯಾಮೆರಾ ಆದರೂ ರೆಪ್ಪೆಯ ಫೋಟೋ ತೆಗೆಯುತ್ತದೆ, ಅಷ್ಟೇ.

ಈ ವಿಷಯ ನನಗೆ ಬೇರೆ ಕಾರಣಕ್ಕೂ ಹತ್ತಿರದ್ದು. ನಮ್ಮ ತಂದೆಗೆ ಹನ್ನೆರಡು ವರ್ಷ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ತಪ್ಪಿಸುತ್ತಿರಲಿಲ್ಲ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆಯೂ ಆಗುತ್ತಿತ್ತು. ಕಣ್ಣಿನ ಹಿಂಭಾಗ ನೋಡಿಸಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ. ಒಂದು ದಿನ ಪೇಪರ್ ಓದುವಾಗ ಎಡಗಣ್ಣಿನ ಮುಂದೆ ಕಪ್ಪು ದಾರ ತೇಲಿದಂತಾಯಿತು ಅಂದರು. ಆ ಕಣ್ಣು ಮತ್ತೆ ಬರಲಿಲ್ಲ. ಡಯಾಬಿಟಿಕ್ ರೆಟಿನೋಪತಿ ಇರುವುದೇ ಹಾಗೆ. ಸಕ್ಕರೆ ಹೆಚ್ಚಾದ ರಕ್ತದಿಂದ ಕಣ್ಣಿನ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಸೋರುತ್ತವೆ, ಒಡೆಯುತ್ತವೆ. ನೋವಿಲ್ಲ, ಉರಿಯಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ವರ್ಷಕ್ಕೊಂದು ಫೋಟೋ ತೆಗೆದು ತಿಳಿದವರು ನೋಡಿದರೆ ಬಹುಮಟ್ಟಿಗೆ ತಡೆಯಬಹುದು.

ಹಾಗಾಗಿ ಆ ಹುಡುಗನಿಗೆ ಉತ್ತರವಾಗಿ ಥಾಯ್ಲೆಂಡಿನ ಒಂದು ಕಥೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2016ರಲ್ಲಿ ಗೂಗಲ್‌ನ ಸಂಶೋಧಕರು ಅಕ್ಷಿಪಟಲದ ಫೋಟೋ ನೋಡಿ ಈ ಕಾಯಿಲೆ ಗುರುತಿಸುವ ಎಐ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದಕ್ಕೆ ಕಲಿಸಲು ಬಳಸಿದ್ದು 1,28,175 ಚಿತ್ರಗಳು. ಅಮೆರಿಕದ ಚಿತ್ರಗಳ ಜೊತೆಗೆ ಭಾರತದ ಮೂರು ಕಣ್ಣಾಸ್ಪತ್ರೆಗಳ ಚಿತ್ರಗಳೂ ಅದರಲ್ಲಿದ್ದವು. ಮೂರರಲ್ಲಿ ಒಂದು ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ. ಅಂದರೆ ಆ ಎಐ ಪಾಠ ಕಲಿತದ್ದರಲ್ಲಿ ನಮ್ಮೂರಿನ ಕಣ್ಣುಗಳ ಪಾಲೂ ಇದೆ. ಪ್ರಯೋಗಾಲಯದಲ್ಲಿ ಫಲಿತಾಂಶ ತಜ್ಞ ವೈದ್ಯರಿಗೆ ಸರಿಸಮ ಬಂತು.

ಥಾಯ್ಲೆಂಡಿನಲ್ಲಿ ಇದರ ಅಗತ್ಯ ಬಹಳ ಇತ್ತು. ಸುಮಾರು 45 ಲಕ್ಷ ಸಕ್ಕರೆ ಕಾಯಿಲೆಯವರಿಗೆ ಅಕ್ಷಿಪಟಲದ ತಜ್ಞರು ಇದ್ದದ್ದು 200ರಷ್ಟು ಮಂದಿ. ಹಳ್ಳಿಯ ಕ್ಲಿನಿಕ್‌ನಲ್ಲಿ ನರ್ಸ್ ಫೋಟೋ ತೆಗೆದು ದೂರದ ತಜ್ಞರಿಗೆ ಕಳಿಸಿದರೆ ಉತ್ತರ ಬರಲು ಕೆಲವೊಮ್ಮೆ ಹತ್ತು ವಾರ ಆಗುತ್ತಿತ್ತು. ಎಐ ಆದರೆ ಕೆಲವೇ ನಿಮಿಷ. 2018ರ ಕೊನೆಯಿಂದ ಪತುಮ್ ಥಾನಿ ಮತ್ತು ಚಿಯಾಂಗ್ ಮಾಯ್ ಪ್ರಾಂತ್ಯಗಳ 11 ಕ್ಲಿನಿಕ್‌ಗಳಲ್ಲಿ ಇದು ನಿಜವಾಗಿ ಹೇಗೆ ನಡೆಯುತ್ತದೆಂದು ಗೂಗಲ್‌ನವರು ಕೂತು ನೋಡಿದರು.

ಏನಾಯಿತು ಗೊತ್ತೇ? ಮೊದಲ ತಿಂಗಳುಗಳಲ್ಲಿ ಹಾಕಿದ 1,838 ಚಿತ್ರಗಳಲ್ಲಿ ಶೇಕಡಾ 21ರಷ್ಟನ್ನು ಎಐ ನೋಡಲೇ ಇಲ್ಲ, ಗುಣಮಟ್ಟ ಸಾಲದು ಅಂತ ಹಿಂದಕ್ಕೆ ತಳ್ಳಿತು. ಕಾರಣ ಸಣ್ಣದು. ಈ ಕ್ಯಾಮೆರಾಗೆ ಕಣ್ಣಿನ ಪಾಪೆ ಅಗಲವಾಗಬೇಕು, ಪಾಪೆ ಅಗಲವಾಗಲು ಕೋಣೆ ಕತ್ತಲಿರಬೇಕು. 11 ಕ್ಲಿನಿಕ್‌ಗಳಲ್ಲಿ ಕತ್ತಲೆ ಮಾಡಬಹುದಾದ ಪ್ರತ್ಯೇಕ ಕೋಣೆ ಇದ್ದದ್ದು ಎರಡರಲ್ಲಿ ಮಾತ್ರ! ಉಳಿದ ಕಡೆ ಅದೇ ಕೋಣೆಯಲ್ಲಿ ಬೇರೆ ರೋಗಿಗಳ ತಪಾಸಣೆಯೂ ನಡೆಯಬೇಕು, ದೀಪ ಆರಿಸುವುದು ಹೇಗೆ? ಫೋಟೋ ಸ್ವಲ್ಪ ಮಬ್ಬಾದರೂ ಅನುಭವಿ ನರ್ಸ್‌ಗೆ ಗೊತ್ತಾಗುತ್ತಿತ್ತು, ಎಐಗೆ ಆಗುತ್ತಿರಲಿಲ್ಲ. ಅದರ ಮೇಲೆ ಇಂಟರ್ನೆಟ್ ನಿಧಾನ. ಒಂದು ಚಿತ್ರ ಏರಿಸಲು ಒಂದು ನಿಮಿಷಕ್ಕಿಂತ ಹೆಚ್ಚು. ಬೆಳಗಿನ ಜಾವದಿಂದ ಕಾದವರ ಸಾಲು ಬೆಳೆಯುತ್ತಲೇ ಹೋಗುತ್ತಿತ್ತು. ಎಐ ತಿರಸ್ಕರಿಸಿದ ಚಿತ್ರದ ರೋಗಿಯನ್ನು ದೂರದ ತಜ್ಞರ ಬಳಿ ಹೋಗಿ ಅಂತ ಕಳಿಸಬೇಕಿತ್ತು. ದಿನಗೂಲಿಯವರಿಗೆ ಅದು ಒಂದು ದಿನದ ಸಂಬಳ ಮತ್ತು ಬಸ್ ಚಾರ್ಜು. ಕೆಲವು ನರ್ಸ್‌ಗಳಂತೂ "ಈ ಪ್ರಯೋಗಕ್ಕೆ ಸೇರಲೇಬೇಕೆಂದಿಲ್ಲ" ಅಂತ ರೋಗಿಗಳಿಗೆ ಮೆಲ್ಲಗೆ ಹೇಳಿಬಿಟ್ಟರು. ನಾನು ಅವರ ಜಾಗದಲ್ಲಿದ್ದರೂ ಹಾಗೇ ಹೇಳುತ್ತಿದ್ದೆ ಅನ್ನಿಸುತ್ತದೆ.

ಗೂಗಲ್‌ನವರು ಇದನ್ನು ಮುಚ್ಚಿಡದೆ 2020ರಲ್ಲಿ ಪ್ರಕಟಿಸಿದರು, ಅದು ಮೆಚ್ಚುವ ಮಾತು. ಕೆಲಸವನ್ನೂ ಬಿಡಲಿಲ್ಲ. 2024ರಲ್ಲಿ ಆ ತಂತ್ರಜ್ಞಾನದ ಲೈಸೆನ್ಸನ್ನು ಥಾಯ್ಲೆಂಡಿನ ಪರ್ಸೆಪ್ಟ್ರಾ ಕಂಪನಿಗೂ ಭಾರತದಲ್ಲಿ ಅರವಿಂದ್ ಸಂಸ್ಥೆಯ ಆರೋಲ್ಯಾಬ್ ಮತ್ತು ಬೆಂಗಳೂರಿನ ಫೋರಸ್ ಹೆಲ್ತ್‌ಗೂ ಕೊಟ್ಟರು. ಫೋರಸ್ ಅಂದರೆ 'ತ್ರಿನೇತ್ರ' ಎಂಬ ಕಣ್ಣಿನ ಕ್ಯಾಮೆರಾ ಮಾಡುವವರು. ಹೆಸರು ನೋಡಿ, ಶಿವನ ಮೂರನೇ ಕಣ್ಣು! ಬೆಂಗಳೂರಿನದೇ ಇನ್ನೊಂದು ಕಂಪನಿ ರೆಮಿಡಿಯೋ. ಅವರದು ಮೊಬೈಲ್ ಫೋನಿಗೆ ಜೋಡಿಸುವ ಕ್ಯಾಮೆರಾ. ಅವರ ಎಐ ಫೋನಿನಲ್ಲೇ ಕೆಲಸ ಮಾಡುತ್ತದೆ, ಇಂಟರ್ನೆಟ್ ಬೇಡ. ನೋಡಿ, ವ್ಯಾಪಾರದ ಅವಕಾಶ ಇಲ್ಲಿದೆ. ಇನ್ನೂ ಜಾಣ ಎಐ ಮಾಡುವುದರಲ್ಲಿ ಅಲ್ಲ. ಕತ್ತಲೆ ಕೋಣೆ ಇಲ್ಲದ, ನೆಟ್ ಬಾರದ, ನರ್ಸ್‌ಗೆ ಪುರುಸೊತ್ತಿಲ್ಲದ ಜಾಗದಲ್ಲೂ ನಡೆಯುವಂಥದ್ದನ್ನು ಮಾಡುವುದರಲ್ಲಿ.

ಇನ್ನು ದುಡ್ಡು ಯಾರು ಕೊಡುತ್ತಾರೆ? ಎಂಜಿನಿಯರಿಂಗ್ ಓದುವ ಮಕ್ಕಳು ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಹತ್ತಿರವಿದ್ದರೂ ಈ ದೇಶಗಳ ವ್ಯವಸ್ಥೆ ಒಂದರಂತೆ ಒಂದಿಲ್ಲ. ಥಾಯ್ಲೆಂಡಿನಲ್ಲಿ 2002ರಿಂದ ಸರ್ವರಿಗೂ ಆರೋಗ್ಯ ಯೋಜನೆ ಇದೆ, 30 ಬಾತ್ ಯೋಜನೆ ಅಂತಲೇ ಜನ ಕರೆಯುತ್ತಾರೆ. ಅದೇ ಬ್ಯಾಂಕಾಕಿನಲ್ಲಿ ಬುಮ್ರುಂಗ್‌ರಾಡ್‌ನಂಥ ಖಾಸಗಿ ಆಸ್ಪತ್ರೆಗೆ ವಿದೇಶಿ ರೋಗಿಗಳು ವಿಮಾನ ಹತ್ತಿ ಬರುತ್ತಾರೆ. 1997ರ ಆರ್ಥಿಕ ಬಿಕ್ಕಟ್ಟಿನಲ್ಲಿ ಸ್ಥಳೀಯರ ಕೈ ಖಾಲಿಯಾದಾಗ ಅವರು ಹೊರಗಿನ ರೋಗಿಗಳತ್ತ ತಿರುಗಿದ್ದು. ಒಂದೇ ಊರಲ್ಲಿ ಎರಡು ಮಾರುಕಟ್ಟೆ.

ಇಂಡೋನೇಷ್ಯಾದಲ್ಲಿ 2014ರ ಜನವರಿ 1ರಂದು ರಾಷ್ಟ್ರೀಯ ಆರೋಗ್ಯ ವಿಮೆ ಶುರುವಾಯಿತು. ಅದನ್ನು ನಡೆಸುವುದು ಬಿಪಿಜೆಎಸ್ ಎಂಬ ಸರ್ಕಾರಿ ಸಂಸ್ಥೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿ ಅದನ್ನು ಪುಸ್ಕೆಸ್ಮಾಸ್ ಅನ್ನುತ್ತಾರೆ, ನೋಂದಾಯಿಸಿದ ಜನರ ತಲೆಗಿಷ್ಟು ಅಂತ ತಿಂಗಳಿಗೊಂದು ಮೊತ್ತ ಸಿಗುತ್ತದೆ. ರೋಗಿ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಈಗ ನೀವು ಹೋಗಿ "ಒಂದು ಪರೀಕ್ಷೆಗೆ ಇಷ್ಟು ರುಪಿಯಾ" ಅಂದರೆ, ಅದು ಅವರಿಗೆ ಬರೀ ಖರ್ಚು. ಕಣ್ಣು ಉಳಿದರೆ ಮುಂದೆ ಆಸ್ಪತ್ರೆಯ ಬಿಲ್ ಉಳಿಯುವುದು ಬಿಪಿಜೆಎಸ್‌ಗೆ. ಲಾಭ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ. ಎಷ್ಟೋ ಒಳ್ಳೆಯ ಯೋಚನೆಗಳು ಸಿಕ್ಕಿಬೀಳುವುದು ಈ ಗಂಟಿನಲ್ಲೇ.

ಅಲ್ಲಿ ಗೆದ್ದವರನ್ನು ನೋಡಿ. ಹಾಲೋಡಾಕ್ ಶುರುವಾದದ್ದು 2016ರಲ್ಲಿ. ಫೋನಿನಲ್ಲಿ ಡಾಕ್ಟರ ಜೊತೆ ಮಾತು, ಮನೆಗೆ ಔಷಧಿ. ಮೇಲೆ ಕಾಣುವುದು ಆಪ್. ಆದರೆ ಕಟ್ಟಿದವರ ಕುಟುಂಬಕ್ಕೆ ಮೊದಲೇ ಔಷಧಿ ವಿತರಣೆಯ ದೊಡ್ಡ ವ್ಯವಹಾರ ಇತ್ತು, ಮಾತ್ರೆ ಹೊತ್ತು ಮನೆಬಾಗಿಲಿಗೆ ಹೋಗಲು ಗೋಜೆಕ್‌ನ ಬೈಕ್ ಹುಡುಗರಿದ್ದರು. 17,000ಕ್ಕೂ ಹೆಚ್ಚು ದ್ವೀಪಗಳ ದೇಶದಲ್ಲಿ ಗೋದಾಮು ಮತ್ತು ಬೈಕು ಇಲ್ಲದ ಆಪ್ ಬರೀ ಚಿತ್ರ.

ನಮ್ಮ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. ಜೊಹೋರ್‌ಗೆ ಪೆಟ್ರೋಲ್ ಮತ್ತು ತರಕಾರಿಗೆ ಹೋಗುವವರು ಯೋಚಿಸಿರಲಿಕ್ಕಿಲ್ಲ, 1978ರಲ್ಲಿ ಕಿರಣ್ ಮಜುಂದಾರ್ ಷಾ ಬೆಂಗಳೂರಿನಲ್ಲಿ ಕಟ್ಟಿದ ಬಯೋಕಾನ್‌ನ ದೊಡ್ಡ ಇನ್ಸುಲಿನ್ ಕಾರ್ಖಾನೆ ಇರುವುದು ಅಲ್ಲೇ. ಮಲೇಷ್ಯಾದ 2019ರ ರಾಷ್ಟ್ರೀಯ ಸಮೀಕ್ಷೆಯಂತೆ ಅಲ್ಲಿನ ವಯಸ್ಕರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ. ಬಯೋಕಾನ್ ಅಲ್ಲೇ ಕಾರ್ಖಾನೆ ಹಾಕಿತು, ಅಲ್ಲಿನ ಆರೋಗ್ಯ ಸಚಿವಾಲಯಕ್ಕೆ ಇನ್ಸುಲಿನ್ ಪೂರೈಸುವ ಗುತ್ತಿಗೆ ಪಡೆಯಿತು. ಅಲ್ಲಿ ತಯಾರಾಗುವ ಗ್ಲಾರ್ಜಿನ್ ಇನ್ಸುಲಿನ್‌ಗೆ 2020ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ಇದು ವರ್ಷಗಳ ಕೆಲಸ, ಕೋಟಿಗಳ ಬಂಡವಾಳ. ಕಾಲೇಜು ಹುಡುಗರಿಗೆ ಆಗುವಂಥದ್ದಲ್ಲ ನಿಜ. ಆದರೆ ಆ ದೇಶದಲ್ಲಿ ಬೇರು ಬಿಡದೆ ಸರ್ಕಾರಿ ಖರೀದಿ ಸಿಗುವುದು ಕಷ್ಟ ಅನ್ನುವುದು ಸಣ್ಣವರಿಗೂ ಅನ್ವಯಿಸುತ್ತದೆ.

ಅನುಮತಿಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ವೈದ್ಯಕೀಯ ಸಾಧನಗಳಿಗೆ ಒಂದೇ ರೀತಿಯ ನಿಯಮಗಳಿರಲಿ ಅಂತ ಆಸಿಯಾನ್ ದೇಶಗಳು 2014ರಲ್ಲಿ ಒಪ್ಪಂದ ಮಾಡಿಕೊಂಡವು. ಆದರೂ ನೋಂದಣಿ ಆಯಾ ದೇಶದಲ್ಲೇ ಆಗಬೇಕು. ಮಾತ್ರೆ ನೆನಪಿಸುವ ಆಪ್ ಬೇರೆ, "ನಿಮಗೆ ಈ ಕಾಯಿಲೆ ಇದೆ" ಅನ್ನುವ ಆಪ್ ಬೇರೆ. ಎರಡನೆಯದನ್ನು ಸಾಧನವೆಂದೇ ಪರಿಗಣಿಸುತ್ತಾರೆ. ರೋಗಿಗಳ ಮಾಹಿತಿ ಕಾಯುವುದೂ ಹಗುರ ಮಾತಲ್ಲ. 2018ರಲ್ಲಿ ಸಿಂಗ್‌ಹೆಲ್ತ್‌ನಿಂದ 15 ಲಕ್ಷ ಜನರ ಮಾಹಿತಿ ಕಳುವಾಯಿತು, ಆಗಿನ ಪ್ರಧಾನಿಯವರದೂ ಅದರಲ್ಲಿತ್ತು. ಇಷ್ಟು ಕಟ್ಟುನಿಟ್ಟಿನ ದೇಶದಲ್ಲೇ ಹೀಗೆ.

ನಮ್ಮ ಹುಡುಗನಿಗೆ ನಾನು ಆಪ್ ಮಾಡು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಫೆರಿ ಹತ್ತಿದರೆ ಬಾತಾಮ್ ಒಂದು ಗಂಟೆಯ ದಾರಿ. ಹೋಗಿ, ಅನುಮತಿ ಕೇಳಿ, ಒಂದು ಪುಸ್ಕೆಸ್ಮಾಸ್‌ನಲ್ಲಿ ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಮಧ್ಯಾಹ್ನದವರೆಗೆ ಸುಮ್ಮನೆ ಕೂತು ಬನ್ನಿ ಅಂದೆ. ಅಲ್ಲಿಯವರೆಗೆ ಒಂದು ಸಾಲು ಕೋಡ್ ಕೂಡ ಬರೆಯಬೇಡಿ ಅಂದೆ.

ಮೂವರೂ ಹೋಗಿ ಬಂದರು. ಕಳೆದ ವಾರ ಅವನ ಮೆಸೇಜು ಬಂತು: "ಆಂಟಿ, ಎಐ ಬಗ್ಗೆ ಅಲ್ಲಿ ಯಾರೂ ಕೇಳಲೇ ಇಲ್ಲ. ಶುಗರ್ ಬಂದವರು ಒಂದು ಸಲ ಬಂದು ಮತ್ತೆ ಬರೋದೇ ಇಲ್ವಂತೆ. ಅವರನ್ನ ವಾಪಸ್ ಕರೆಸೋಕೆ ಏನಾದ್ರೂ ಇದೆಯಾ ಅಂತ ನರ್ಸ್ ಕೇಳಿದ್ರು. ಅವರ ಹತ್ರ ಇರೋದು ಒಂದು ನೋಟ್‌ಬುಕ್ಕು, ಒಂದು ವಾಟ್ಸಾಪ್. ನಾವೀಗ ಬಹಾಸಾ ಕ್ಲಾಸಿಗೆ ಸೇರಿದ್ದೀವಿ. ಅಪ್ಪನೇ ಫೀಸ್ ಕೊಟ್ರು."