ಹೆಬ್ಬೆಟ್ಟಿನ ಹೂ

ಕನ್ನಡದಲ್ಲಿ ‘ಅಚ್ಚು’ ಎಂಬ ಮಾತಿಗೆ ಇರುವಷ್ಟು ದೊಡ್ಡ ಬಳಗ ಬೇರೆ ಮಾತುಗಳಿಗೆ ವಿರಳ. ಬೆಲ್ಲಕ್ಕೆ ಅಚ್ಚುಂಟು, ನಾಣ್ಯಕ್ಕೆ ಅಚ್ಚುಂಟು, ಪುಸ್ತಕಕ್ಕೆ ಅಚ್ಚುಂಟು. ತಾಯಿಯನ್ನು ಹೋಲುವ ಮಗಳನ್ನು ಕಂಡರೆ ‘ಅಚ್ಚಿನಲ್ಲಿ ಎರಕ ಹೊಯ್ದಂತಿದ್ದಾಳೆ’ ಎನ್ನುತ್ತೇವೆ. ಮಾಸದ ನೆನಪನ್ನು ‘ಅಚ್ಚಳಿಯದ ನೆನಪು’ ಎಂದು ಕರೆಯುತ್ತೇವೆ. ಆದರೆ ಇದೇ ವಸ್ತು ಕಚೇರಿಯ ಮೇಜನ್ನು ಏರಿತೆಂದರೆ ಮೊಹರಾಗುತ್ತದೆ, ಠಸ್ಸೆಯಾಗುತ್ತದೆ. ನಮ್ಮ ಕಡೆಯವರ ಬಾಯಲ್ಲಿ ‘ಶಿಕ್ಕಾ’ ಆಗುತ್ತದೆ. ಹೆಸರು ಬದಲಾದೊಡನೆ ಮುಖವೂ ಬಿಗಿಯುತ್ತದೆ. ಶಿಕ್ಕಾ ಬಿದ್ದರೆ ಕಾಗದಕ್ಕೆ ಜೀವ, ಬೀಳದಿದ್ದರೆ ಮತ್ತೆ ನಾಳೆ ಬರಬೇಕು. ಆ ಪುಟ್ಟ ರಬ್ಬರಿನ ತುಣುಕಿಗೆ ಹಳ್ಳಿಗ ಅಂಜುವಷ್ಟು ಅಧಿಕಾರಿಗೂ ಅಂಜಲಾರ.

ಈ ಬಿಗಿಮುಖದ ವಸ್ತುವನ್ನು ಸ್ವಲ್ಪ ನಗಿಸಲು ಸಾಧ್ಯವೇ? ಬೀಳಗಿಯ ನಮ್ಮ ವಿದ್ಯಾರ್ಥಿಗಳು ಸಾಧ್ಯವೆಂದು ತೋರಿಸಿದ್ದಾರೆ. ಕೆಲವು ವರ್ಷಗಳಿಂದ ಸಂಕ್ರಾಂತಿ ಹತ್ತಿರ ಬಂದಂತೆ ತರಗತಿಯ ಕೊನೆಯ ಬೆಂಚುಗಳಲ್ಲಿ ಒಂದು ಸಣ್ಣ ಕಾರ್ಖಾನೆ ಪ್ರಾರಂಭವಾಗುತ್ತದೆ. ಪೆನ್ಸಿಲಿನ ಗೆರೆ ಅಳಿಸುವ ರಬ್ಬರು, ಒಂದು ಬ್ಲೇಡು, ಒಂದು ಮಸಿಯ ಪ್ಯಾಡು, ಕತ್ತರಿಸಿದ ದಪ್ಪ ಕಾಗದ: ಬಂಡವಾಳ ಇಷ್ಟೇ. ಹುಟ್ಟುವ ಸರಕು ಶುಭಾಶಯದ ಕಾರ್ಡು.

ಉತ್ತರ ಕರ್ನಾಟಕದ ಮನೆಗಳಲ್ಲಿ ಸಂಕ್ರಾಂತಿಯ ಕಾರ್ಡಿಗೆ ಒಂದು ಪರಂಪರೆಯೇ ಇದೆ. ದೂರದ ಬಂಧುಗಳಿಗೆ ಕಾಗದದ ಮಡಿಕೆಯಲ್ಲಿ ನಾಲ್ಕು ಕಾಳು ಕುಸುರೆಳ್ಳು ಇಟ್ಟು ಅಂಚೆಗೆ ಹಾಕುತ್ತಿದ್ದರು. ‘ಎಳ್ಳು ಬೆಲ್ಲ ತೊಗೊಂಡು ಎಳ್ಳು ಬೆಲ್ಲದ್ಹಂಗ ಇರೂಣು’ ಎಂಬ ಹಾರೈಕೆ ಜೊತೆಗೆ ಹೋಗುತ್ತಿತ್ತು. ಈಗ ಹಾರೈಕೆ ದೂರವಾಣಿಯ ಗಾಜಿನ ಮೇಲೆ ಬೆಳಗುತ್ತದೆ. ಹತ್ತು ಜನ ಕಳಿಸಿದ ಚಿತ್ರ ಹತ್ತೂ ಒಂದೇ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬೇಗ ತಲುಪುವುದೂ ಒಂದು ಗುಣವೇ. ಆದರೆ ಕೈಯಲ್ಲಿ ಮಾಡಿದ ಕಾರ್ಡಿಗೆ ಅದನ್ನು ಮಾಡುವಷ್ಟು ಹೊತ್ತು ಒಬ್ಬರನ್ನೇ ನೆನೆಯಬೇಕಾಗುತ್ತದೆ. ಅಷ್ಟು ಹೊತ್ತು ನಮ್ಮನ್ನು ಯಾರೋ ನೆನೆದರೆಂಬುದೇ ಅದನ್ನು ಪಡೆದವರಿಗೆ ಲಾಭ.

ಮಾಡುವ ಬಗೆ ಸುಲಭ, ಆದರೆ ತಾಳ್ಮೆಯದು. ಚಿತ್ರವನ್ನು ಮೆತ್ತನೆಯ ಪೆನ್ಸಿಲಿನಿಂದ ತೆಳುಕಾಗದದ ಮೇಲೆ ಬರೆದು, ಆ ಮುಖವನ್ನು ರಬ್ಬರಿಗೆ ಒತ್ತಿ ಉಜ್ಜಿದರೆ ಗೆರೆಗಳು ತಿರುವುಮುರುವಾಗಿ ಅದಕ್ಕೆ ಇಳಿಯುತ್ತವೆ. ಬೇಡದ ಭಾಗವನ್ನು ಬ್ಲೇಡಿನಿಂದ ತೆಗೆಯಬೇಕು. ಗೆರೆಯ ಬದಿ ಹೊರಕ್ಕೆ ಇಳಿಜಾರಾಗಿರಬೇಕು. ಒಳಕ್ಕೆ ಕೊರೆದರೆ ಬುಡ ಸಡಿಲವಾಗಿ ಗೆರೆ ಮುರಿಯುತ್ತದೆ. ಮಸಿಯನ್ನು ಮೆಲ್ಲಗೆ ತಟ್ಟಿ ಹಚ್ಚಬೇಕು, ತಿಕ್ಕಬಾರದು. ಕಾಗದದ ಮೇಲೆ ನೇರವಾಗಿ ಒತ್ತಿ, ಅಲುಗಿಸದೆ ನೇರವಾಗಿ ಎತ್ತಬೇಕು. ರಬ್ಬರು ಸಿಗದವರು ಬಟಾಟೆಯನ್ನು ಎರಡು ಹೋಳು ಮಾಡಿ ಅದರಲ್ಲೇ ಕೊರೆಯಬಹುದು. ಬೆಂಡೆಕಾಯಿಯನ್ನು ಅಡ್ಡ ಕೊಯ್ದರಂತೂ ಕೊರೆಯುವ ಕಷ್ಟವೇ ಇಲ್ಲ. ಹೂವು ಅದರ ಹೊಟ್ಟೆಯಲ್ಲಿಯೇ ಇದೆ.

ಕಾಗದದಿಂದ ಬಟ್ಟೆಗೆ ಹೋಗಲು ಹೆಚ್ಚು ದೂರವಿಲ್ಲ. ರಬಕವಿ-ಬನಹಟ್ಟಿ ನಮಗೆ ನೆರೆಯ ನೇಕಾರರ ಊರು. ಹತ್ತಿಯ ಬಟ್ಟೆಯ ಗಂಜಿ ಹೋಗುವಂತೆ ಚೆನ್ನಾಗಿ ಒಗೆದು, ಒಣಗಿಸಿ, ಬಟ್ಟೆಯ ಬಣ್ಣದಲ್ಲಿ ಅದ್ದಿದ ಅಚ್ಚನ್ನು ಸಾಲಾಗಿ ಒತ್ತಿದರೆ ಬಾಗಿಲಿಗೆ ಪರದೆ ಸಿದ್ಧ. ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಬಣ್ಣ ನಿಲ್ಲುತ್ತದೆ. ಕಸೂತಿಯ ಗೋಪುರ, ತೇರು, ತುಳಸಿಕಟ್ಟೆಗಳನ್ನು ಹುಡುಗಿಯರು ಮೊದಲು ಕೊರೆದರು. ಒಬ್ಬ ಹುಡುಗ ಚಿಗರಿಯನ್ನು ಕೊರೆದು ತಂದ. ಬೀಳಗಿ-ಮುಧೋಳಗಳ ನಡುವಣ ಯಡಹಳ್ಳಿಯ ಕುರುಚಲು ಕಾಡು 2016ರಲ್ಲಿ ಚಿಂಕಾರ ವನ್ಯಧಾಮವಾದದ್ದನ್ನು ವಾಚಕರು ಬಲ್ಲರು. ಹುಡುಗನ ಚಿಗರಿಗೆ ಒಂದು ಕಾಲು ಮೋಟು, ಆದರೂ ಓಡುತ್ತಿತ್ತು.

ಕನ್ನಡದ ಅಧ್ಯಾಪಕನಾಗಿ ನನಗೆ ಹೆಚ್ಚು ಸ್ವಾರಸ್ಯವೆನಿಸುವುದು ಅಕ್ಷರಗಳ ಕೊರೆತ. ಕಸೂತಿಯ ಗಂಟಿಯಲ್ಲಿ ಬಟ್ಟೆಯ ಎರಡು ಮೈಯೂ ಒಂದೇ, ಅಚ್ಚಿನಲ್ಲಿ ಹಾಗಲ್ಲ. ಇಲ್ಲಿ ಎಡ ಬಲವಾಗಬೇಕು, ಬಲ ಎಡವಾಗಬೇಕು. ಸೊನ್ನೆಯೊಂದನ್ನು ಬಿಟ್ಟರೆ ನಮ್ಮ ಅಕ್ಷರಗಳು ಬಹುಮಟ್ಟಿಗೆ ಕನ್ನಡಿಯಲ್ಲಿ ಗುರುತು ಸಿಗದಂತಾಗುತ್ತವೆ. ಬಲಕ್ಕೆ ಕೊಂಕುವ ತಲಕಟ್ಟನ್ನು ಎಡಕ್ಕೆ ಕೊಂಕಿಸುವಾಗ, ಮಗು ಹದಿನೈದು ವರ್ಷ ನೋಡದೆಯೇ ಬರೆಯುತ್ತಿದ್ದ ಅಕ್ಷರವನ್ನು ಮೊದಲ ಸಲ ನೋಡುತ್ತದೆ. ನಮ್ಮ ಮುದ್ರಣದ ಹಿರಿಯರು ಪಟ್ಟ ಪಾಡೂ ಇದೇ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೀರಾಂಪುರದಲ್ಲಿ ಅಚ್ಚಾದಾಗ ಕನ್ನಡದ ಮೊಳೆಗಳೆಲ್ಲ ಹೀಗೆಯೇ ತಿರುಗಿ ನಿಂತಿದ್ದವು. 1843ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದಿತು. ಅದೇ 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ತನ್ನ ಗೆಳೆಯರಿಗೆ ಕಳಿಸಲು ಹೊರ್ಸ್‌ಲಿ ಎಂಬ ಚಿತ್ರಕಾರನಿಂದ ಚಿತ್ರ ಬರೆಸಿ, ಮೊದಲ ಕ್ರಿಸ್‌ಮಸ್ ಕಾರ್ಡನ್ನು ಕಲ್ಲಚ್ಚಿನಲ್ಲಿಯೇ ಅಚ್ಚು ಹಾಕಿಸಿದನು. ಕನ್ನಡದ ಮೊದಲ ಪತ್ರಿಕೆಯೂ ಶುಭಾಶಯದ ಕಾರ್ಡೂ ಓರಗೆಯವು!

ರಬ್ಬರಿನ ಕಥೆಯೂ ವಿನೋದದ್ದು. 1770ರಲ್ಲಿ ಪ್ರೀಸ್ಟ್ಲಿ ಎಂಬ ವಿಜ್ಞಾನಿ ಪೆನ್ಸಿಲಿನ ಗುರುತನ್ನು ಒರೆಸಲು ಯೋಗ್ಯವಾದ ವಸ್ತುವೆಂದು ಇದನ್ನು ಬಣ್ಣಿಸಿದ. ‘ಉಜ್ಜುವುದು’ ಎಂಬ ಅರ್ಥದ ಹೆಸರೇ ಇದಕ್ಕೆ ಇಂಗ್ಲಿಷಿನಲ್ಲಿ ನಿಂತಿತು. 1839ರಲ್ಲಿ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ಬಗೆ ಕಂಡುಹಿಡಿದ ಮೇಲೆಯೇ ರಬ್ಬರಿನ ಮೊಹರು ಸಾಧ್ಯವಾದದ್ದು. ಅಳಿಸಲೆಂದು ಹೆಸರು ಪಡೆದ ವಸ್ತುವೇ ಅಚ್ಚೊತ್ತುವ ಸಾಧನವಾಯಿತು.

ವಸ್ತು ಹೊಸದು, ಒತ್ತುವ ಆಸೆ ಹಳೆಯದು. ನಮ್ಮ ನೆರೆಯ ಬಾದಾಮಿಯ ಚಾಲುಕ್ಯರು ತಾಮ್ರಪಟಗಳನ್ನು ಬಳೆಯಲ್ಲಿ ಪೋಣಿಸಿ, ಬಳೆಯ ಬಾಯಿಗೆ ವರಾಹದ ಮುದ್ರೆ ಒತ್ತುತ್ತಿದ್ದರು. ಮಾಧ್ವರ ದೇವರ ಕೋಣೆಯಲ್ಲಿ ಶಂಖ, ಚಕ್ರಗಳ ಲೋಹದ ಮುದ್ರೆಗಳು ಗೋಪೀಚಂದನದಲ್ಲಿ ಅದ್ದಿ ಮೈಯನ್ನೇ ಕಾಗದ ಮಾಡಿಕೊಳ್ಳುತ್ತವೆ. ಶರಣರ ವಚನದ ಕೊನೆಗೆ ಬರುವ ಅಂಕಿತವನ್ನೂ ‘ಮುದ್ರಿಕೆ’ ಎಂದೇ ಕರೆಯುವುದು ವಾಡಿಕೆ. ‘ಇದು ನನ್ನದು’ ಎನ್ನುವುದು ಅರಸನ ಮುದ್ರೆಯ ಅರ್ಥ. ‘ಇದು ನಿನ್ನದು’ ಎನ್ನುವುದು ಶರಣನ ಮುದ್ರಿಕೆಯ ಅರ್ಥ. ಶುಭಾಶಯದ ಕಾರ್ಡು ಈ ಎರಡನೆಯ ಪಂಗಡಕ್ಕೆ ಸೇರಿದುದು.

ಇವೆಲ್ಲಕ್ಕೂ ಹಿರಿಯ ಅಚ್ಚು ಒಂದಿದೆ: ಹೆಬ್ಬೆರಳು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಶೆಲ್ ಎಂಬ ಅಧಿಕಾರಿ ಒಬ್ಬ ಗುತ್ತಿಗೆದಾರನ ಅಂಗೈಯನ್ನೇ ಕರಾರುಪತ್ರದ ಮೇಲೆ ಒತ್ತಿಸಿಕೊಂಡನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ತೆರೆಯಿತು. ಅಕ್ಷರ ಬಾರದವರ ಸಹಿಯೆಂದು ಹೆಬ್ಬೆಟ್ಟಿಗೆ ಮಾನ್ಯತೆ ದೊರೆಯಿತು; ಜೊತೆಗೆ ‘ಹೆಬ್ಬೆಟ್ಟಿನವರು’ ಎಂಬ ಕೀಳುಮಾತೂ ಹುಟ್ಟಿತು.

ನಮ್ಮ ಕಡೆ ಹೆಬ್ಬೆಟ್ಟಿಗೆ ಇನ್ನೂ ಒಂದು ನೋವು ಅಂಟಿಕೊಂಡಿದೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. 2006ರಲ್ಲಿ ಅದು ನಾಡಿಗೆ ಅರ್ಪಿತವಾಯಿತು. ಈ ನಡುವೆ ಬಾಗಲಕೋಟೆಯ ಒಂದು ಭಾಗವೂ ಬೀಳಗಿ ತಾಲ್ಲೂಕಿನ ಹಲವು ಊರುಗಳೂ ಕೃಷ್ಣೆ-ಘಟಪ್ರಭೆಗಳ ಹಿನ್ನೀರಿಗೆ ಸಂದವು. ಪರಿಹಾರದ ಕಾಗದಗಳ ಮೇಲೆ ಎಷ್ಟೋ ಹೆಬ್ಬೆಟ್ಟುಗಳು ಬಿದ್ದವು.

ಕಳೆದ ವರ್ಷ ಸೇವಾ ಯೋಜನೆಯ ಶಿಬಿರಕ್ಕೆ ಒಂದು ಪುನರ್ವಸತಿ ಊರಿಗೆ ಹೋಗಿದ್ದೆವು. ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯ ಪಡಸಾಲೆಯಲ್ಲಿಯೇ ಕಾರ್ಡಿನ ಕೆಲಸ ಹೂಡಿದಳು. ಹೆಬ್ಬೆರಳನ್ನು ಸುತ್ತಲೂ ಐದು ಸಲ ಒತ್ತಿದರೆ ಐದೆಸಳಿನ ಹೂವಾಗುತ್ತದೆ ಎಂದು ಓಣಿಯ ಮಕ್ಕಳಿಗೆ ತೋರಿಸಿ, ಆ ನೇರಳೆ ಮಸಿಯ ಪ್ಯಾಡನ್ನು ಅಜ್ಜಿಯ ಮುಂದೆಯೂ ಹಿಡಿದಳು. ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಒಮ್ಮಿ ಒತ್ತಿ ಹೊಲ-ಮನಿ ನೀರಿಗೆ ಕೊಟ್ಟೇವು. ಇನ್ನ ಯಾಕ ಒತ್ತಲಿ?”

ಪಡಸಾಲೆ ಸ್ತಬ್ಧವಾಯಿತು. ನನಗೂ ಆಡುವ ಮಾತು ತೋಚಲಿಲ್ಲ. ಮೊಮ್ಮಗಳು ಮಾತ್ರ ಪ್ಯಾಡನ್ನು ಹಿಂದೆಗೆಯಲಿಲ್ಲ.

“ಆಯಿ, ಈ ಸಲ ಏನೂ ಕೊಡೂದಿಲ್ಲ. ಹೂ ಮಾಡೂದೈತಿ. ಹುಬ್ಬಳ್ಳ್ಯಾಗಿನ ಅತ್ತಿಗೆ ಕಳಸೂದೈತಿ.”

ಮುದುಕಿ ಬಹಳ ಹೊತ್ತು ಸುಮ್ಮನಿದ್ದು ಕೈ ಚಾಚಿದರು. ಮೊದಲ ಎಸಳು ಕಚೇರಿಯಲ್ಲಿ ಒತ್ತುವಂತೆ ಬಲವಾಗಿ ಬಿತ್ತು. ಎರಡನೆಯದಕ್ಕೆ ಕೈ ಹಗುರವಾಯಿತು. ಐದನೆಯದು ಮುಗಿದಾಗ ಹೂವನ್ನು ನೋಡಿ, “ಹಳೇ ಮನಿ ಹಿತ್ತಲದಾಗ ಇಂಥಾವ ಇದ್ದೂ” ಎಂದರು. ನೀರಿಗೆ ಹೋದ ಹಿತ್ತಲಿನ ಹೂವು ಕಾಗದದ ಮೇಲೆ ಮೂಡಿತ್ತು. ಉಳುಮೆಯಿಂದ ಸವೆದ ಬೆರಳಿನ ಗೆರೆಗಳೇ ಅದರ ನರಗಳಾಗಿದ್ದವು.

ಕಳೆದುಹೋದ ಹೊಲವನ್ನು ಒಂದು ಕಾರ್ಡು ಮರಳಿ ಕೊಡಲಾರದು. ಹಾಗೆ ಹೇಳಿದರೆ ಅದು ಆ ತಾಯಿಗೆ ಮಾಡುವ ಅವಮಾನ. ಆದರೆ ಕೊಟ್ಟು ಕೊಟ್ಟು ಸೋತ ಬೆರಳು ಒಮ್ಮೆ ತನ್ನ ಇಚ್ಛೆಯಿಂದ ಒತ್ತಿತು. ಅದನ್ನು ಕೇಳಿದವರು ಕಚೇರಿಯವರಲ್ಲ, ಮೊಮ್ಮಗಳು. ಕರಕುಶಲತೆಯ ಹೆಸರಿನಲ್ಲಿ ನಾವು ಶಾಲೆ ಕಾಲೇಜುಗಳಲ್ಲಿ ಕಲಿಸುವುದು ಇಂಥ ಒಂದು ಗಳಿಗೆಗೆ ಎಡೆಮಾಡಿಕೊಟ್ಟರೆ ಅದು ವ್ಯರ್ಥವಲ್ಲ.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಬರುವ ಸಂಕ್ರಾಂತಿಗೆ ಮುನ್ನ ನಿಮ್ಮ ತರಗತಿಗೊಂದು ಮಸಿಯ ಪ್ಯಾಡು ತಂದಿಡಿ. ಮನೆಗೆ ಒಯ್ಯಬೇಕೆಂದು ಮಕ್ಕಳು ಕೇಳಿದರೆ ಕೊಡಿ. ಓದು ಬಾರದ ಹಿರಿಯರೊಬ್ಬರು ಅವರ ಮನೆಯಲ್ಲಿ ಇದ್ದಾರು.