ಪಲ್ಲವಿ ಯಾರದು? : ರಾಕ್ ಸಮೂಹಗೀತೆ ಮತ್ತು ತತ್ವಪದದ ಸೊಲ್ಲು

ತತ್ವಪದಗಳನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಪಠ್ಯಕೇಂದ್ರಿತವಾದವು. ಪಾಠಾಂತರ, ಅಂಕಿತ, ಪಾರಿಭಾಷಿಕ ಪದಗಳು, ಗುರುಪರಂಪರೆ ಇವುಗಳ ಬಗೆಗೆ ನಡೆದಷ್ಟು ಚರ್ಚೆ, ಪದವೊಂದು ಹಾಡಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗೆಗೆ ನಡೆದಿಲ್ಲ. ಕೆಲವು ವರ್ಷಗಳ ಹಿಂದೆ ವಿಚಾರಸಂಕಿರಣವೊಂದರಲ್ಲಿ ಶಿಶುನಾಳ ಶರೀಫರ ಪದಗಳ ರಾಕ್ ರೂಪಗಳನ್ನು ನಾನು ಪ್ರಸ್ತಾಪಿಸಿದಾಗ, ‘ಇಷ್ಟು ಗದ್ದಲದಲ್ಲಿ ತತ್ವ ಎಲ್ಲಿ ಉಳಿಯುತ್ತದೆ?’ ಎಂದು ಹಿರಿಯರೊಬ್ಬರು ಕೇಳಿದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಪ್ರಶ್ನೆಯನ್ನು ಸಂಪ್ರದಾಯಪ್ರಿಯರ ಗೊಣಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಪ್ರಸ್ತುತ ಲೇಖನದಲ್ಲಿ ರಾಕ್ ಸಂಗೀತದ ಸಮೂಹಗೀತೆಗಳು ಯಾವ ಗುಣಗಳಿಂದ ದೊಡ್ಡ ಹಾಡುಗಳಾಗುತ್ತವೆ ಎಂಬುದನ್ನು ಮೊದಲು ವಿವರಿಸಿ, ಅದರ ಬೆಳಕಿನಲ್ಲಿ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಪ್ರಯತ್ನಿಸಲಾಗಿದೆ.

1. ಸಮೂಹಗೀತೆಯ ಲಕ್ಷಣಗಳು

ವಿದ್ಯುತ್ ಗಿಟಾರು, ಬೇಸ್ ಗಿಟಾರು ಮತ್ತು ಡ್ರಮ್ಮುಗಳ ಪ್ರಬಲ ನಾದವನ್ನು ಆಧರಿಸಿ 1960ರ ದಶಕದ ಕೊನೆಯಲ್ಲಿ ರೂಪುಗೊಂಡ ಸಂಗೀತಪ್ರಕಾರವನ್ನು ಹಾರ್ಡ್ ರಾಕ್ ಎನ್ನುತ್ತಾರೆ. ಈ ಪ್ರಕಾರದಲ್ಲಿ ಸಾವಿರಾರು ಜನ ಒಟ್ಟಿಗೆ ದನಿಗೂಡಿಸುವ ಹಾಡುಗಳಿಗೆ ‘ಆಂಥಮ್’ ಎಂಬ ಹೆಸರಿದೆ. ನಾಡಗೀತೆ, ರಾಷ್ಟ್ರಗೀತೆ ಎಂಬ ಅರ್ಥ ಇಲ್ಲಿ ಹೊಂದುವುದಿಲ್ಲವಾದ್ದರಿಂದ ಈ ಲೇಖನದಲ್ಲಿ ‘ಸಮೂಹಗೀತೆ’ ಎಂಬ ಪದವನ್ನು ಬಳಸಲಾಗಿದೆ. ಅದರ ಲಕ್ಷಣಗಳನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಶ್ರುತಿ. ಹಾರ್ಡ್ ರಾಕ್‌ನ ಗಿಟಾರುವಾದನಕ್ಕೆ ಆಧಾರವಾದ ‘ಪವರ್ ಕಾರ್ಡ್’ನಲ್ಲಿ ಇರುವುದು ಎರಡೇ ಸ್ವರ: ಷಡ್ಜ ಮತ್ತು ಪಂಚಮ. ಗಿಟಾರಿನ ನಾದವನ್ನು ಬೇಕೆಂದೇ ಒಡೆದು ಒರಟಾಗಿಸಿದಾಗ ಗಾಂಧಾರ ಸೇರಿದ ಪೂರ್ಣ ಸ್ವರಗುಚ್ಛ ಕಲಸಿಹೋಗುತ್ತದೆ. ಷಡ್ಜ ಪಂಚಮಗಳ ಜೋಡಿ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಹರ್ಷ, ವಿಷಾದಗಳ ಛಾಯೆಯನ್ನು ಬಹುಮಟ್ಟಿಗೆ ಸೂಚಿಸುವುದು ಗಾಂಧಾರವೇ. ಅದನ್ನು ಬಿಟ್ಟುಕೊಟ್ಟ ಜೋಡಿಯ ಮೇಲೆ ಹಾಡುವವನು ಯಾವ ಭಾವವನ್ನಾದರೂ ಕಟ್ಟಬಹುದು. ನಮ್ಮ ತಂಬೂರಿಯನ್ನು ಸಾಮಾನ್ಯವಾಗಿ ಶ್ರುತಿಗೊಳಿಸುವುದೂ ಇದೇ ಎರಡು ಸ್ವರಗಳಿಗೆ ಎಂಬುದನ್ನು ಗಮನಿಸಬೇಕು. ಕೇಳಲು ಎಷ್ಟು ದೂರವೆನಿಸಿದರೂ ಈ ಎರಡು ನಾದಗಳ ತಳಹದಿ ಒಂದೇ.

ಎರಡನೆಯದು ಏರಿಳಿತ. ರಾಕ್ ಎಂದರೆ ಆದ್ಯಂತ ಅಬ್ಬರ ಎಂಬುದು ತಪ್ಪುಗ್ರಹಿಕೆ. ಅಮೆರಿಕದ ‘ನಿರ್ವಾಣ’ ತಂಡದ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ (1991) ಹಾಡಿನಲ್ಲಿ ಚರಣಗಳು ತಗ್ಗಿದ ದನಿಯಲ್ಲಿವೆ. ವಾದ್ಯಗಳು ಅಲ್ಲಿ ಹಿಂದೆ ಸರಿಯುತ್ತವೆ. ಪಲ್ಲವಿ ಬಂದಾಗ ಒಮ್ಮೆಲೇ ಎಲ್ಲ ವಾದ್ಯಗಳೂ ಎರಗುತ್ತವೆ. ತಗ್ಗು ಇದ್ದುದರಿಂದಲೇ ಎತ್ತರಕ್ಕೆ ಬಲ ಬಂದಿದೆ.

ಮೂರನೆಯದು ಮತ್ತು ಮುಖ್ಯವಾದುದು, ಕೇಳುಗನಿಗೆ ಬಿಟ್ಟುಕೊಟ್ಟ ಜಾಗ. ಬ್ರಿಟನ್ನಿನ ‘ಕ್ವೀನ್’ ತಂಡದ ಬ್ರಿಯಾನ್ ಮೇ 1977ರಲ್ಲಿ ರಚಿಸಿದ ‘ವಿ ವಿಲ್ ರಾಕ್ ಯೂ’ ಹಾಡಿನ ಬಹುಭಾಗಕ್ಕೆ ವಾದ್ಯವೇ ಇಲ್ಲ. ನೆಲಕ್ಕೆ ಎರಡು ಬಾರಿ ಕಾಲು ಬಡಿತ, ಒಂದು ಚಪ್ಪಾಳೆ, ಅಷ್ಟೆ. ಗಿಟಾರು ಬರುವುದು ಕೊನೆಯಲ್ಲಿ. ಸಭಾಂಗಣದಲ್ಲಿ ನಿಂತ ಯಾರು ಬೇಕಾದರೂ ಭಾಗವಹಿಸಲಿ ಎಂಬ ಉದ್ದೇಶದಿಂದಲೇ ಹೀಗೆ ರಚಿಸಲಾಯಿತು. ‘ದ ವೈಟ್ ಸ್ಟ್ರೈಪ್ಸ್’ ಎಂಬ ಇಬ್ಬರ ತಂಡದ ‘ಸೆವೆನ್ ನೇಷನ್ ಆರ್ಮಿ’ (2003) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರಲ್ಲಿ ಮತ್ತೆ ಮತ್ತೆ ಬರುವ ಏಳು ಸ್ವರಗಳ ಗಿಟಾರು ಪಲುಕನ್ನು ಯುರೋಪಿನ ಕಾಲ್ಚೆಂಡಾಟದ ಪ್ರೇಕ್ಷಕರು ಎತ್ತಿಕೊಂಡರು. 2006ರ ವಿಶ್ವಕಪ್ಪಿನಲ್ಲಿ ಇಟಲಿಯ ಅಭಿಮಾನಿಗಳು ಅದನ್ನು ಹಾಡಿದರು. ಹಾಡಿನ ಸಾಹಿತ್ಯದ ಒಂದು ಪದವೂ ಅವರಿಗೆ ಬೇಕಾಗಲಿಲ್ಲ. ಕೃತಿ ಕರ್ತೃವಿನ ಕೈಬಿಟ್ಟು ಜನರ ಬಾಯಿಗೆ ಹೋಯಿತು.

ಈ ಮೂರನೆಯ ಲಕ್ಷಣಕ್ಕೆ ಕನ್ನಡದಲ್ಲಿ ಹೊಸ ಪರಿಭಾಷೆ ಹುಡುಕಬೇಕಾಗಿಲ್ಲ. ನಮ್ಮ ಜನಪದ ಗಾಯನದಲ್ಲಿ ಮುಂದಾಳು ಹಾಡಿದಂತೆ ಹಿಮ್ಮೇಳದವರು ಮತ್ತೆ ಮತ್ತೆ ಎತ್ತಿಕೊಳ್ಳುವ ಸಾಲಿಗೆ ‘ಸೊಲ್ಲು’ ಎಂಬ ಹೆಸರಿದೆ. ರಾಕ್ ಸಮೂಹಗೀತೆಯಲ್ಲಿ ಪ್ರೇಕ್ಷಕಸಮುದಾಯವೇ ಹಿಮ್ಮೇಳ. ಸೊಲ್ಲನ್ನು ಆ ಹಿಮ್ಮೇಳದ ಕೈಗೆ ಪೂರ್ತಿಯಾಗಿ ಒಪ್ಪಿಸಬಲ್ಲ ಹಾಡು ದೊಡ್ಡ ಹಾಡಾಗುತ್ತದೆ.

2. ಗದ್ದಲದ ವಿವೇಕ

ಗದ್ದಲವನ್ನು ಹೊರಗಿನಿಂದ ಬಂದ ವಸ್ತುವೆಂದು ಭಾವಿಸುವುದು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯವರಿಗೆ ಕಷ್ಟ. ಶಿರಸಿ ತಾಲೂಕಿನ ಇಸಳೂರಿನಂಥ ಊರಿನಲ್ಲಿ ಬೆಳೆದ ನನಗೆ ಮೊದಲು ಪರಿಚಯವಾದ ದೊಡ್ಡ ನಾದ ಬಡಗುತಿಟ್ಟಿನ ಚಂಡೆಯದು. ರಾತ್ರಿ ಗದ್ದೆಬಯಲಿನಲ್ಲಿ ಆಟವಿದ್ದರೆ ಅಡಿಕೆತೋಟವನ್ನು ದಾಟಿ ಅದು ಮನೆಯ ಜಗುಲಿಗೆ ಕೇಳುತ್ತಿತ್ತು, ಪದ ಕೇಳುತ್ತಿರಲಿಲ್ಲ. ಹತ್ತಿರ ಹೋಗಿ ಕುಳಿತರೆ ತಿಳಿಯುವುದು ಬೇರೆ. ಭಾಗವತರು ಪದವನ್ನು ಹೇಳುವಾಗ ಸಾಮಾನ್ಯವಾಗಿ ಜೊತೆಗಿರುವುದು ಮದ್ದಳೆ. ಚಂಡೆ ಏರುವುದು ವೀರರಸದ ಸಂದರ್ಭಗಳಲ್ಲಿ, ಪಾತ್ರದ ಪ್ರವೇಶದಲ್ಲಿ, ಯುದ್ಧದಲ್ಲಿ, ಕುಣಿತ ಬಿರುಸಾದಾಗ. ಮಾತಿಗೂ ನಾದಕ್ಕೂ ಸರದಿಯಿದೆ. ಮೇಲೆ ಹೇಳಿದ ಏರಿಳಿತದ ತತ್ವ ಇಲ್ಲಿಯೂ ಇದೆ.

ಶಿರಸಿಯ ಬೇಡರ ವೇಷ ಇನ್ನೊಂದು ಬಗೆಯ ನಿದರ್ಶನ. ಎರಡು ವರ್ಷಗಳಿಗೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷಗಳ ಹೋಳಿಯಲ್ಲಿ ನಡೆಯುವ ಈ ಕುಣಿತದಲ್ಲಿ, ನವಿಲುಗರಿ ಕಟ್ಟಿ ಕತ್ತಿ ಗುರಾಣಿ ಹಿಡಿದ ಬೇಡನನ್ನು ಹಿಂದಿನವರು ಹಗ್ಗದಿಂದ ಹಿಡಿದಿರುತ್ತಾರೆ, ತಮಟೆಗಳು ಬಡಿಯುತ್ತವೆ. ಕುಣಿತವನ್ನು ನಡೆಸುವುದು ಹಾಡಲ್ಲ, ತಮಟೆಯ ಲಯ. ಬೀದಿಯಲ್ಲಿ ನಿಂತವರ ಮೈಯೂ ಆ ಲಯಕ್ಕೆ ಸಿಗುತ್ತದೆ. ಗದ್ದಲವು ಅರ್ಥದ ಅಭಾವವಲ್ಲ, ಅದೂ ಒಂದು ಬಗೆಯ ಭಾಷೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

3. ಶರೀಫರಿಂದ ರಾಕ್ ವೇದಿಕೆಗೆ

ಉತ್ತರ ಕನ್ನಡಕ್ಕೆ ಹೊಂದಿಕೊಂಡ ಹಾವೇರಿ ಜಿಲ್ಲೆಯ ಶಿಶುನಾಳದ ಶರೀಫರು (1819–1889) ತಮ್ಮ ಪದಗಳನ್ನು ಮೌನವಾಚನಕ್ಕಾಗಿ ರಚಿಸಿದವರಲ್ಲ. ಮೊಹರಮ್ಮಿನ ಕುಣಿತಕ್ಕೆ ಒದಗುವ ರಿವಾಯತ್ ಪದಗಳನ್ನೂ ಅವರು ಕಟ್ಟಿದ್ದಾರೆ. ಅವರ ತತ್ವಪದಗಳು ಏಕತಾರಿ, ದಮ್ಮಡಿ, ತಾಳಗಳೊಡನೆ ಭಜನಾಮೇಳಗಳಲ್ಲಿ ಉಳಿದು ಬಂದವು. ಸಿ. ಅಶ್ವತ್ಥ್ ಅವರ ಗಾಯನ, ಮತ್ತು ಅವರದೇ ಸಂಗೀತವಿದ್ದ ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ (1990) ಚಲನಚಿತ್ರ, ಅವನ್ನು ಕನ್ನಡನಾಡಿನ ಉದ್ದಗಲಕ್ಕೂ ಒಯ್ದವು. ಮೇಲುದನಿಯಲ್ಲಿ ಎದೆ ಬಿಚ್ಚಿ ಹಾಡುವ ಅಶ್ವತ್ಥರ ರೀತಿಯೇ ಪದವನ್ನು ಜಗುಲಿಯಿಂದ ಬಯಲಿಗೆ ತಂದಿತ್ತು ಎನ್ನಬಹುದು. ಮುಂದಿನ ಹೆಜ್ಜೆಗೆ ನೆಲ ಹದವಾದುದು ಅಲ್ಲಿ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ‘ದ ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಧ್ವನಿಮುದ್ರಿಕೆ ‘ಅಂತರಾಗ್ನಿ’ 2008ರಲ್ಲಿ ಹೊರಬಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶರೀಫರ ಎರಡು ಪದಗಳಿದ್ದವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಇದು ಶುದ್ಧ ಹಾರ್ಡ್ ರಾಕ್ ಅಲ್ಲ, ಜನಪದ ರಾಕ್. ಆದರೂ ಸಮೂಹಗೀತೆಯ ಲಕ್ಷಣಗಳು ಇಲ್ಲಿ ಸ್ಪಷ್ಟವಾಗಿವೆ. ‘ಗುಡುಗುಡಿ’ಯಲ್ಲಿ ಗಿಟಾರು, ಪಿಟೀಲು, ಡ್ರಮ್ಮುಗಳು ಸೇರಿ ಕುಣಿಸುವ ಓಟವನ್ನು ಕಟ್ಟುತ್ತವೆ, ಪಲ್ಲವಿ ತಿರುಗಿ ತಿರುಗಿ ಬರುತ್ತದೆ, ಕನ್ನಡ ಬಾರದವರೂ ಅದಕ್ಕೆ ದನಿಗೂಡಿಸುತ್ತಾರೆ. 2010ರ ನಂತರ ಬ್ರಿಟನ್ನಿನ ವೇದಿಕೆಗಳಲ್ಲಿಯೂ ಈ ತಂಡ ಹಾಡಿತು. ಅದರ ಮುಂದಿನ ಮುದ್ರಿಕೆ ‘ಜಗ್ ಚಂಗಾ’ (2013) ಶರೀಫರ ‘ಲೋಕದ ಕಾಳಜಿ’ಯನ್ನು ಒಳಗೊಂಡಿದೆ. ಬೆಂಗಳೂರಿನ ಇನ್ನೊಂದು ತಂಡ ‘ಸ್ವರಾತ್ಮ’ವೂ ಜನಪದ ಮತ್ತು ರಾಕ್ ಸಂಗೀತಗಳನ್ನು ಬೆಸೆದು ಕನ್ನಡದಲ್ಲಿಯೂ ಹಾಡಿದೆ.

4. ಉಳಿದದ್ದು ಮತ್ತು ಸೋರಿದ್ದು

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ‘ಸೋರುತಿಹುದು’ ಪದವನ್ನೇ ತೆಗೆದುಕೊಳ್ಳೋಣ. ಅದರ ಪಲ್ಲವಿ ಯಾರಿಗಾದರೂ ತಿಳಿಯುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ಇಸಳೂರಿನ ಕಡೆಯವರಿಗೆ ಸೋರುವ ಮನೆಯ ಅನುಭವವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ನಮ್ಮದು ಇಳಿಜಾರಾದ ಹಂಚಿನ ಮಾಡು. ಶರೀಫರದು ಬಯಲುಸೀಮೆಯ ಮಣ್ಣಿನ ಮಾಳಿಗೆ. ಪದದ ಚರಣಗಳು ನಿಂತಿರುವುದು ಆ ಮಾಳಿಗೆಯ ರಚನೆಯ ಮೇಲೆ: ಮುರಿದ ತೊಲೆ, ಹುಳುಕಾದ ಜಂತಿ, ಮೇಲೆ ಬೆಳೆದ ಹುಲ್ಲು, ಮುತ್ತಿದ ಇರುವೆ, ನೀರಿಗೆ ಕರಗಿ ಒಳಹೊರಗು ಒಂದಾಗುವ ಮಣ್ಣು. ಕತ್ತಲೆಯಲ್ಲಿ ಮೇಲೇರಿ ಸರಿಪಡಿಸಲಾಗದ ಅಸಹಾಯಕತೆ ದೇಹದ, ಅಜ್ಞಾನದ ರೂಪಕವಾಗುವುದು ಈ ವಿವರಗಳ ಮೂಲಕ. ಹಂಚು ಸರಿಸಿ ಸೋರಿಕೆ ತಡೆಯುವ ಮಲೆನಾಡಿಗನಿಗಾಗಲಿ, ಕಾಂಕ್ರೀಟಿನ ಮನೆಯಲ್ಲಿ ಬೆಳೆದ ನಗರದ ಯುವಕನಿಗಾಗಲಿ ಚರಣಗಳು ತಾವಾಗಿಯೇ ತೆರೆದುಕೊಳ್ಳುವುದಿಲ್ಲ.

ಇದರಿಂದ ಹೊರಡುವ ತೀರ್ಮಾನ ಇಷ್ಟು. ರಾಕ್ ರೂಪದಲ್ಲಿ ಪಲ್ಲವಿ ಪ್ರಯಾಣ ಮಾಡುತ್ತದೆ; ಚರಣ ಹಿಂದೆ ಉಳಿಯುವ ಅಪಾಯವಿದೆ. ಚರಣದ ಜೊತೆಗೆ ಕೊನೆಯಲ್ಲಿ ಬರುವ ‘ಶಿಶುನಾಳಧೀಶ’ ಅಂಕಿತವೂ, ಅದು ಸೂಚಿಸುವ ಗುರುಶಿಷ್ಯ ಸಂಬಂಧವೂ ಮಸುಕಾಗಬಹುದು. ಹಿರಿಯರ ಆತಂಕದಲ್ಲಿ ಹುರುಳಿದೆ. ಆದರೆ ಕಾರಣವನ್ನು ಗದ್ದಲದಲ್ಲಿ ಹುಡುಕುವುದು ಸರಿಯಲ್ಲ. ಚಂಡೆಯ ಅಬ್ಬರದ ನಡುವೆಯೂ ಪ್ರಸಂಗದ ಪದ ನಮ್ಮಲ್ಲಿ ಉಳಿದಿರುವುದು, ಅದನ್ನು ಬಿಡಿಸಿ ಹೇಳುವ ಅರ್ಥಗಾರಿಕೆ ಜೊತೆಗೇ ಇರುವುದರಿಂದ. ಭಜನಾಮೇಳದಲ್ಲಿಯೂ ಹಾಡು ನಿಲ್ಲಿಸಿ ಒಳಾರ್ಥ ಹೇಳುವ ಹಿರಿಯರಿರುತ್ತಾರೆ. ರಾಕ್ ವೇದಿಕೆಯಲ್ಲಿ ಕೊರತೆಯಿರುವುದು ಆ ಅರ್ಥಧಾರಿಯದು.

ಆ ಸ್ಥಾನವನ್ನು ತುಂಬಬೇಕಾದವರು ಕನ್ನಡ ಅಧ್ಯಾಪಕರು ಎಂಬುದು ನನ್ನ ನಮ್ರ ಅಭಿಪ್ರಾಯ. ತರಗತಿಗೆ ಬರುವ ವಿದ್ಯಾರ್ಥಿಗೆ ಪಲ್ಲವಿ ಆಗಲೇ ಬಾಯಿಪಾಠವಾಗಿದೆ. ಅದನ್ನು ಅವನು ಕಿವಿಯಲ್ಲಿ ಹೊತ್ತುಕೊಂಡೇ ಒಳಗೆ ಬರುತ್ತಾನೆ. ತೊಲೆ ಯಾವುದು, ಜಂತಿ ಯಾವುದು ಎಂದು ಅಲ್ಲಿಂದ ಮುಂದೆ ಹೇಳಿಕೊಡುವುದು ನಮ್ಮ ಕೆಲಸ. ಅದಕ್ಕಾಗಿ ಪದವನ್ನು ಓದುವುದರ ಜೊತೆಗೆ ಕೇಳುವುದನ್ನೂ ನಾವು ಅಧ್ಯಯನವೆಂದು ಒಪ್ಪಿಕೊಳ್ಳಬೇಕು. ಪಲ್ಲವಿ ಜನರದಾಗಿರುವುದು ಸಂತೋಷದ ಸಂಗತಿ. ಚರಣವನ್ನು ಅವರಿಗೆ ತಲುಪಿಸದಿದ್ದರೆ ಆ ತಪ್ಪು ಗಿಟಾರಿನದಲ್ಲ.