ಹತ್ತು ವರ್ಷ ಕಾದು ಹೂ ಬಿಡುವ ಗಿಡ: ಹಿಮಗಾಳಿಗೆ ಜಗ್ಗದ ಮಾಸ್ ಕ್ಯಾಂಪಿಯನ್

"ಸಪೋಟ ನೆಟ್ಟು ಮೂರು ವರ್ಷ ಆಯ್ತು, ಏನೂ ಕಾಣ್ತಿಲ್ಲ. ಕಿತ್ತು ಹಾಕ್ಲಾ?" ಇಂಥ ಫೋನ್ ಆಗಾಗ ಬರ್ತಾನೇ ಇರುತ್ತೆ. ಆಗೆಲ್ಲ ನನಗೆ ತೋಟಗಾರಿಕೆ ಓದುವಾಗ ಪುಸ್ತಕದಲ್ಲಿ ಪರಿಚಯವಾದ ಒಂದು ಪುಟ್ಟ ಗಿಡ ನೆನಪಾಗುತ್ತೆ. ಅದು ನಮ್ಮ ನಾಡಿನದಲ್ಲ, ನಮಗೆ ಹಣ್ಣು-ಕಾಯಿ ಕೊಡುವಂಥದ್ದೂ ಅಲ್ಲ. ಆದ್ರೆ ಮಣ್ಣು, ಬೇರು, ತಾಳ್ಮೆ ಈ ಮೂರರ ಬಗ್ಗೆ ಅದರಷ್ಟು ಚೆನ್ನಾಗಿ ಹೇಳಿಕೊಡೋ ಗಿಡ ಕಡಿಮೆ. ಈ ವಾರ ಅದರದ್ದೇ ಕಥೆ.

ಗಿಡದ ಹೆಸರು ಮಾಸ್ ಕ್ಯಾಂಪಿಯನ್, ವೈಜ್ಞಾನಿಕವಾಗಿ ಸೈಲೀನ್ ಅಕಾಲಿಸ್. ಅಕಾಲಿಸ್ ಅಂದ್ರೆ ಕಾಂಡವಿಲ್ಲದ್ದು. ನಾವು ಪಾಲಿಹೌಸ್‌ನಲ್ಲಿ ಬೆಳೆಯುವ ಕಾರ್ನೇಷನ್‌ನ ಕುಟುಂಬಕ್ಕೇ ಸೇರಿದ್ದು. ಯುರೋಪಿನ ಆಲ್ಪ್ಸ್, ಅಮೆರಿಕದ ರಾಕಿ ಪರ್ವತ, ಉತ್ತರ ಧ್ರುವದ ಸುತ್ತಲಿನ ನಾಡುಗಳಲ್ಲಿ ಕಾಣಸಿಗುತ್ತೆ. ನೋಡೋಕೆ ಪಾಚಿಯ ದಿಂಬಿನ ಹಾಗೆ. ಬೇಸಿಗೆಯಲ್ಲಿ ಆ ಹಸಿರು ದಿಂಬಿನ ಮೇಲೆ ಐದೆಸಳಿನ ಗುಲಾಬಿ ಹೂಗಳು ತುಂಬಿಕೊಳ್ಳುತ್ತವೆ.

ಮರವೇ ಬೆಳೆಯದ ಜಾಗ

ಅಮೆರಿಕದ ಕೊಲರಾಡೋದಲ್ಲಿರುವ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ ಟ್ರೇಲ್ ರಿಡ್ಜ್ ರಸ್ತೆ ಅಂತ ಒಂದಿದೆ. ಅದರ ತುದಿ 3,713 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು! ಅಷ್ಟು ಮೇಲೆ ಮರಗಳಿಲ್ಲ. ಅದೇ ಪರ್ವತದ ಟಂಡ್ರಾ. ಬೆಳೆಯೋಕೆ ಸಿಗೋದು ವರ್ಷಕ್ಕೆ ಆರರಿಂದ ಹತ್ತು ವಾರ ಅಷ್ಟೆ. ಬೇಸಿಗೆಯಲ್ಲೂ ರಾತ್ರಿ ಹಿಮ ಬೀಳಬಹುದು. ಮಾಸ್ ಕ್ಯಾಂಪಿಯನ್ ಆರಿಸಿಕೊಳ್ಳೋದು ಗಾಳಿ ಹೊಡೆಯುವ ಕಲ್ಲುದಿಬ್ಬಗಳನ್ನೇ. ಅಲ್ಲಿ ಬಿದ್ದ ಹಿಮವನ್ನೂ ಗಾಳಿ ಗುಡಿಸಿಕೊಂಡು ಹೋಗುತ್ತೆ. ಹಾಗಾಗಿ ಚಳಿಗಾಲಕ್ಕೆ ಹಿಮದ ಹೊದಿಕೆಯೂ ಇಲ್ಲ, ಮಣ್ಣು ಹೆಪ್ಪುಗಟ್ಟಿದಾಗ ಬೇರಿಗೆ ನೀರೂ ಇಲ್ಲ.

ಬದುಕುವ ಉಪಾಯ

ಮೊದಲನೆಯದು ಆಕಾರ. ನೆಲಕ್ಕೆ ಹತ್ತಿರ ಹೋದಷ್ಟೂ ಗಾಳಿಯ ವೇಗ ಕಡಿಮೆ. ಈ ಗಿಡ ಕೆಲವೇ ಸೆಂಟಿಮೀಟರ್ ಎತ್ತರಕ್ಕೆ ನಿಂತುಬಿಡುತ್ತೆ. ಸಣ್ಣ ಸಣ್ಣ ಎಲೆಗಳು ಒತ್ತೊತ್ತಾಗಿ ಹೆಣೆದುಕೊಂಡು ಗುಮ್ಮಟದ ಹಾಗೆ ಇರೋದ್ರಿಂದ ಗಾಳಿ ಮೇಲಿಂದ ಜಾರಿಕೊಂಡು ಹೋಗುತ್ತೆ. ಬಿಸಿಲು ಬಿದ್ದಾಗ ಶಾಖ ಒಳಗೇ ಉಳಿಯುತ್ತೆ. ಹೊರಗಿನ ಗಾಳಿಗಿಂತ ದಿಂಬು 10 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬೆಚ್ಚಗಿರೋದುಂಟು.

ಎರಡನೆಯದು ಬೇರು. ಮೇಲೆ ಅಂಗೈಯಷ್ಟು ಕಾಣುವ ಗಿಡದ ತಾಯಿಬೇರು ಕಲ್ಲುಸಂದಿಯಲ್ಲಿ ಒಂದು ಮೀಟರಿಗೂ ಆಳಕ್ಕೆ ಇಳಿಯಬಲ್ಲದು. ಮೊದಲ ವರ್ಷಗಳ ದುಡಿಮೆಯೆಲ್ಲ ನೆಲದೊಳಗೆ. ಐದು ವರ್ಷ ಆದ್ರೂ ಮೇಲೆ ಗುಂಡಿಯಷ್ಟೇ ಕಾಣಬಹುದು. ಮೊದಲ ಹೂ ಬರೋಕೆ ಸಾಮಾನ್ಯವಾಗಿ ಹತ್ತು ವರ್ಷ ಬೇಕು.

ಮೂರನೆಯದು ನನಗೆ ತುಂಬಾ ಇಷ್ಟ. ಒಣಗಿದ ಎಲೆಗಳನ್ನು ಈ ಗಿಡ ಉದುರಿಸಿ ಕಳೆದುಕೊಳ್ಳಲ್ಲ. ಅವು ದಿಂಬಿನೊಳಗೇ ಉಳಿದು ಕೊಳೆಯುತ್ತವೆ. ಗಾಳಿ ತಂದ ಧೂಳೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಬರೀ ಕಲ್ಲಿದ್ದಲ್ಲಿ ಗಿಡವೇ ತನ್ನ ಗೊಬ್ಬರ ಮಾಡಿಕೊಂಡು, ತೇವವನ್ನೂ ಹಿಡಿದಿಡುತ್ತೆ. ಆ ದಿಂಬಿನ ಮೇಲೆ ಬೇರೆ ಗಿಡಗಳ ಬೀಜವೂ ಬಿದ್ದು ಮೊಳೆಯುತ್ತೆ.

ಹೂವಿನ ವಿಚಾರದಲ್ಲಿ ಇದು ನಮ್ಮ ಕೂರ್ಗ್ ಹನಿ ಡ್ಯೂ ಪಪ್ಪಾಯಿಯ ಹಾಗೆ. ಕೆಲವು ಗಿಡದಲ್ಲಿ ಬರೀ ಹೆಣ್ಣು ಹೂ, ಇನ್ನು ಕೆಲವದರಲ್ಲಿ ದ್ವಿಲಿಂಗಿ ಹೂ. ಪರಾಗ ಸಾಗಿಸೋದು ಬಂಬಲ್‌ಬೀ, ನೊಣ, ಚಿಟ್ಟೆಗಳು. ಅಲಾಸ್ಕಾದಲ್ಲಿ ವಿಲಿಯಂ ಮಾರಿಸ್ ಮತ್ತು ಡೇನಿಯಲ್ ಡೋಕ್ ಮಾಡಿದ ಅಧ್ಯಯನದ ಅಂದಾಜಿನಂತೆ ದೊಡ್ಡ ಗಿಡಗಳು 300 ವರ್ಷಕ್ಕೂ ಹೆಚ್ಚು ಬದುಕಬಲ್ಲವು.

ಚಳಿಗೆ ಸೋಲದ್ದು ಕಾಲಿಗೆ ಸೋಲುತ್ತೆ

ಇಷ್ಟು ಗಟ್ಟಿ ಗಿಡವನ್ನ ಸೋಲಿಸೋದು ಮನುಷ್ಯರ ಕಾಲು. ಟ್ರೇಲ್ ರಿಡ್ಜ್ ರಸ್ತೆಯ ಪಕ್ಕ ಜನ ತುಳಿದ ಜಾಗಗಳಲ್ಲಿ ಬೀಟ್ರಿಸ್ ವಿಲ್ಲರ್ಡ್ ಎಂಬ ವಿಜ್ಞಾನಿ 1950ರ ದಶಕದ ಕೊನೆಯಲ್ಲಿ ತಾಕುಗಳನ್ನು ಗುರುತಿಸಿ, ದಶಕಗಳ ಕಾಲ ಗಮನಿಸಿದರು. ತೀರಾ ಹಾಳಾದ ಟಂಡ್ರಾ ಮೊದಲಿನಂತಾಗೋಕೆ ನೂರಾರು ವರ್ಷ ಬೇಕಾಗಬಹುದು ಅನ್ನೋದು ಅವರ ಕೆಲಸದಿಂದ ತಿಳಿದುಬಂತು.

ಇದನ್ನ ಓದಿದ್ದೆ, ಆದ್ರೆ ಅರ್ಥ ಆಗಿದ್ದು ನನ್ನ ಹೊಲದಲ್ಲೇ. ಸಾವಯವಕ್ಕೆ ಬಂದ ಎರಡನೇ ವರ್ಷ, ಮಳೆ ನಿಂತ ಮಾರನೇ ದಿನವೇ ಅವಸರಕ್ಕೆ ಬಾಡಿಗೆ ಟ್ರ್ಯಾಕ್ಟರ್ ಇಳಿಸಿದೆ. ಹಸಿ ಮಣ್ಣು ಚಕ್ರದಡಿ ಇಟ್ಟಿಗೆ ಆಯ್ತು. ತಪ್ಪು ಪೂರಾ ನನ್ನದೇ. ನಾಲ್ಕು ವರ್ಷ ಸೊಪ್ಪು, ಸಗಣಿ, ಸೆಣಬು ಎಲ್ಲ ಕೊಟ್ಟರೂ ಆ ಎರಡು ಪಟ್ಟೆಯಲ್ಲಿ ಅವರೆ ಇವತ್ತಿಗೂ ಕುಳ್ಳಾಗೇ ಬರುತ್ತೆ.

ಬಿಸಿಲು ಏರಿದರೆ?

ಮಾರಿಸ್ ಮತ್ತು ಡೋಕ್ ನ್ಯೂ ಮೆಕ್ಸಿಕೋದಿಂದ ಅಲಾಸ್ಕಾದವರೆಗೆ ಈ ಗಿಡಗಳನ್ನು ವರ್ಷಾನುಗಟ್ಟಲೆ ಲೆಕ್ಕ ಇಟ್ಟು, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ದಕ್ಷಿಣದ ಬೆಚ್ಚಗಿನ ಜಾಗಗಳಲ್ಲಿ ಹೆಚ್ಚು ಗಿಡ ಸಾಯುತ್ತಿದ್ದವು, ಹೊಸ ಸಸಿ ಕಡಿಮೆ. ಆದ್ರೆ ಉಳಿದವು ಬೇಗ ಬೆಳೆದು ನಷ್ಟ ತುಂಬಿಕೊಡುತ್ತಿದ್ದವು. ತೀರಾ ಬಿಸಿಯಾದ ವರ್ಷಗಳಲ್ಲಿ ಮಾತ್ರ ಈ ಸರಿದೂಗಿಸುವಿಕೆಯೂ ಕೈಕೊಡುತ್ತೆ. ಅಂದ್ರೆ ಇಷ್ಟು ದಿನ ತಡೆದುಕೊಂಡಿದೆ ಅಂತ ಮುಂದೆಯೂ ತಡೆಯುತ್ತೆ ಅಂದುಕೊಳ್ಳೋ ಹಾಗಿಲ್ಲ. ನಮ್ಮ ಮಣ್ಣಿಗೂ ಈ ಮಾತು ಹೊಂದುತ್ತೆ, ಅಲ್ವಾ?

ನಮ್ಮ ತೋಟಕ್ಕೆ ಏನು ಪಾಠ?

* ಎಲೆ, ಸೋಗೆ, ಕಳೆ ಸುಡಬೇಡಿ. ಬುಡಕ್ಕೇ ಹೊದಿಕೆ ಮಾಡಿ.
* ಎಳೆ ಗಿಡಕ್ಕೆ ದಿನಾ ಚಿಮುಕಿಸೋ ಬದಲು, ಮಣ್ಣು ನೋಡಿಕೊಂಡು ಬಿಡುವು ಕೊಟ್ಟು ಆಳಕ್ಕೆ ಇಳಿಯುವಂತೆ ನೀರು ಕೊಡಿ. ಬೇರು ನೀರನ್ನು ಹುಡುಕಿಕೊಂಡು ಇಳಿಯಲಿ.
* ಹಸಿ ನೆಲಕ್ಕೆ ಟ್ರ್ಯಾಕ್ಟರ್ ಬೇಡ. ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಿ, ಒತ್ತಿದರೂ ಒಡೆಯದಿದ್ದರೆ ಇನ್ನೂ ಕಾಯಿರಿ.
* ಗಾಳಿ ಬರುವ ದಿಕ್ಕಿಗೆ ಗ್ಲಿರಿಸಿಡಿಯಾ, ನುಗ್ಗೆಯಂಥ ಬೇಲಿ ಎಬ್ಬಿಸಿ.

ಒಂದು ಮಾತು: ಇದರ ಬೀಜ ತರಿಸಿ ಬೆಳೆಸೋ ಆಸೆ ಬೇಡ. ಚಳಿಗೆ ಹುಟ್ಟಿದ ಗಿಡ, ನಮ್ಮ ಬಯಲುಸೀಮೆ ಬಿಸಿಲಿಗೆ ಉಳಿಯಲ್ಲ. ಮುಳ್ಳಯ್ಯನಗಿರಿ, ಕುದುರೆಮುಖದ ಕಡೆ ಹೋದಾಗ ಹಾದಿ ಬಿಟ್ಟು ಹುಲ್ಲಿನ ಮೇಲೆ ನಡೆಯದಿದ್ದರೆ ಸಾಕು.

ಫೋನ್ ಮಾಡಿದವರಿಗೆ ನಾನು ಹೇಳೋದು ಇಷ್ಟೆ: ಸಪೋಟ ಕೀಳಬೇಡಿ. ಬುಡದಿಂದ ಸ್ವಲ್ಪ ದೂರ ಮಣ್ಣು ಕೆದಕಿ ನೋಡಿ. ಬಿಳಿ ಬೇರು ಕಂಡರೆ ಗಿಡ ಕೆಲಸದಲ್ಲಿದೆ ಅಂತ ಅರ್ಥ.